ಮಗು ಒಯ್ಯಲು ಬಂದವಳು

ಮಗುವನ್ನು ಒಯ್ಯಲೆಂದೇ ಉಲ್ಮೆಕೆನ್ ಬಂದಿದ್ದಳು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಕಿರಿಯ ಮಗನ ಹಳೇ ಕಾರಿನ ನೆತ್ತಿಯ ಮೇಲೆ ತೊಟ್ಟಿಲು ಕಟ್ಟಿಸಿಕೊಂಡು ಬಂದವಳಿಗೆ ಮುಚ್ಚುಮರೆ ಎಲ್ಲಿಂದ ಬರಬೇಕು? ದಾರಿಯಲ್ಲಿ ರೈಲುಗೇಟಿನವನು, ಕಲ್ಲಂಗಡಿ ಮಾರುವವರು, ಎಲ್ಲರೂ ಆ ತೊಟ್ಟಿಲು ನೋಡಿ, "ಮೊಮ್ಮಗೂನ ತರೋಕಾ ಅಪಾ? ಒಳ್ಳೇದಾಗ್ಲಿ" ಎಂದು ಹರಸಿ ಕಳಿಸಿದ್ದರು.

ನಮ್ಮಲ್ಲಿ ಚೊಚ್ಚಲ ಮಗು ಅಜ್ಜಿ ತಾತನ ಪಾಲು. ಮಡಿಲಿಗೆ ಹಾಕಿಕೊಳ್ಳುವುದು ಎನ್ನುತ್ತೇವೆ. ಆಮೇಲೆ ಆ ಮಗುವಿಗೆ ಅಜ್ಜಿಯೇ ಅಪಾ, ಅಂದರೆ ಅಮ್ಮ. ಹೆತ್ತವಳು ಅಣ್ಣನ ಹೆಂಡತಿಯಾಗುತ್ತಾಳೆ, ಅತ್ತಿಗೆ. ಇದನ್ನು ಕಿತ್ತುಕೊಳ್ಳುವುದು ಎಂದು ಯಾರೂ ಎಣಿಸುವುದಿಲ್ಲ. ಮಗುವಿಗೆ ಮುದ್ದಿನ ಮೇಲೆ ಮುದ್ದು, ಅಜ್ಜಿಗೆ ಮುಪ್ಪಿನಲ್ಲಿ ಜೊತೆ. ಹೆತ್ತವಳ ಹೊಟ್ಟೆಯಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಕೇಳಿದರೂ ಅವಳು ಹೇಳುವುದಿಲ್ಲ.

ಉಲ್ಮೆಕೆನ್ ಹತ್ತೊಂಬತ್ತನೇ ವಯಸ್ಸಿಗೆ ಹೆತ್ತ ಎರ್ಮೆಕ್ ಹಾಗೆಯೇ ಅತ್ತೆಯ ಮಡಿಲಿಗೆ ಹೋದ. ಇನ್ನೂ ಒಂದಿತ್ತು. ಗಂಡನ ಕಡೆಯವರ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಎರ್ಮೆಕ್ ಅತ್ತೆಯ ಮಗನಾದ ಮೇಲೆ ಅವಳಿಗೆ ಮೈದುನನಾದ. ಮೈದುನನ ಹೆಸರನ್ನೂ ಹೇಳುವಂತಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ಅವಳು 'ಚಿಕ್ಕ ಯಜಮಾನ್ರು' ಎಂದು ಕರೆಯುತ್ತಿದ್ದಳು. ನಗಬೇಡಿ. ಆ ಕೂಸಿಗೀಗ ಮೂವತ್ತಾರು ವರ್ಷ, ರೈಲು ಹಳಿ ರಿಪೇರಿಯ ಕೆಲಸ, ಮೊದಲ ಹೆಂಡತಿ ಬಿಟ್ಟುಹೋಗಿ ಎರಡನೆಯ ಮದುವೆ. ಈಗಲೂ ಅವಳ ಬಾಯಿಗೆ ಬರುವುದು ಅದೇ.

ಅಂಥ ಎರ್ಮೆಕ್‌ಗೆ ಚೊಚ್ಚಲ ಹೆಣ್ಣುಮಗು ಹುಟ್ಟಿತ್ತು, ಹೆಸರು ಇಂಕಾರ್. ಈಗ ಉಲ್ಮೆಕೆನ್‌ಳ ಸರದಿ. ಅಷ್ಟು ವರ್ಷ ಬರಿದಾಗಿದ್ದ ಮಡಿಲು ತುಂಬಬೇಕು ಎಂಬುದು ಅವಳಿಗೆ ಬರೀ ಆಸೆಯಲ್ಲ, ಹಸಿವು. ಮಗನೇ ಫೋನು ಮಾಡಿ, "ನಲವತ್ತನೇ ದಿನದ ಶಾಸ್ತ್ರಕ್ಕೆ ಬನ್ನಿ, ಹೋಗ್ತಾ ಕರ್ಕೊಂಡು ಹೋಗಿ" ಅಂದಾಗ ಫೋನು ಹಿಡಿದುಕೊಂಡೇ ಅತ್ತುಬಿಟ್ಟಿದ್ದಳು.

ಕಾರಿನಿಂದ ಮೊದಲು ಇಳಿದವಳು ಉಲ್ಮೆಕೆನ್‌ಳ ಸತ್ತ ಗಂಡನ ಅಕ್ಕ ಕುಲ್ಜಿಪಾ. ಬಾಯಿ ಜೋರು, ಮೊಣಕಾಲು ನೋವು, ಶಾಸ್ತ್ರ ಸಂಪ್ರದಾಯ ಅಂದರೆ ಪ್ರಾಣ.

"ಏನೇ ಹುಡುಗಿ, ಬಾಗಿಲಲ್ಲಿ ನಿಂತು ನೋಡ್ತಾ ಇದೀಯಲ್ಲ, ಚಹಾಕ್ಕೆ ನೀರಿಟ್ಟಿದೀಯೋ ಇಲ್ವೋ? ದಾರಿಯುದ್ದಕ್ಕೂ ಧೂಳು ಕುಡಿದು ಹೊಟ್ಟೆ ತುಂಬಿದೆ, ಇನ್ನು ಚಹಾಕ್ಕೆ ಜಾಗ ಇದೆಯೋ ಕಾಣೆ."

ಬಾಗಿಲಲ್ಲಿ ನಿಂತಿದ್ದವಳು ಎರ್ಮೆಕ್‌ನ ಹೆಂಡತಿ ಮೊಲ್ದಿರ್. ಬಗ್ಗಿ ನಮಸ್ಕರಿಸಿದಳು, ಒಳಗೆ ಕರೆದು ಕೂರಿಸಿದಳು, ಹಾಲು ಹಾಕಿದ ಚಹಾ ಬಟ್ಟಲಿಗೆ ಬಗ್ಗಿಸಿಕೊಟ್ಟಳು, ಕರಿದ ಹಿಟ್ಟಿನುಂಡೆ ಬೌರ್ಸಾಕ್ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಎಲ್ಲ ಸರಿಯಾಗಿ ಮಾಡಿದಳು, ಮಾತೊಂದು ಬಿಟ್ಟು. ಪಕ್ಕದ ಕೋಣೆಯಲ್ಲಿ ಮಗು ಒಂದು ಸಲ ಕುಂಯ್ ಅಂದಿತು, ಅಷ್ಟಕ್ಕೇ ಅವಳ ಅಂಗಿಯ ಎದೆಯ ಮೇಲೆ ಹಾಲು ಒಸರಿ ಎರಡು ಕಡೆ ಒದ್ದೆಯಾಯಿತು.

"ಹಾಲು ಜಾಸ್ತಿ ಇದೆ ನಿಂಗೆ" ಅಂದಳು ಕುಲ್ಜಿಪಾ. "ಎಲೆಕೋಸಿನ ಎಲೆ ಇಟ್ಟು ಬಿಗಿಯಾಗಿ ಕಟ್ಕೋ. ವಾರದಲ್ಲಿ ಬತ್ತಿಹೋಗುತ್ತೆ. ನಿಮ್ಮತ್ತೆಗೂ ಹಾಗೇ ಕಟ್ಟಿದ್ದು, ಅಲ್ವೇನೇ?"

ಉಲ್ಮೆಕೆನ್ ಹೂಂ ಅಂದಳು. ಕಟ್ಟಿದ್ದು ನಿಜ. ಬಟ್ಟೆಯ ಗಂಟನ್ನು ಬೆನ್ನ ಹಿಂದೆ ಹಾಕಿದವಳು ಇದೇ ಕುಲ್ಜಿಪಾ. ಆ ನೋವು ಹೇಗಿತ್ತೆಂದು ಈಗ ಹೇಳಿದರೂ ಗಂಡಸರಿಗೆ ತಿಳಿಯುವುದಿಲ್ಲ, ಹೆಂಗಸರಿಗೆ ಹೇಳುವ ಅಗತ್ಯವಿಲ್ಲ. ಅವಳು ಬೌರ್ಸಾಕ್ ಒಂದನ್ನು ಕೈಗೆತ್ತಿಕೊಂಡು ಅಲ್ಲೇ ಇಟ್ಟಳು, ಎದ್ದು ಹಿತ್ತಲಿಗೆ ಹೋದಳು.

ಹಿತ್ತಲ ಕೊಟ್ಟಿಗೆಯಲ್ಲಿ ಎರ್ಮೆಕ್ ಕುರಿಮಾಂಸ ತುಂಡು ಮಾಡುತ್ತಿದ್ದ. ಅವಳು ಒಳಗೆ ಕಾಲಿಡುವಾಗ ಬಾಗಿಲ ಪಕ್ಕದಲ್ಲಿದ್ದ ತಗಡಿನ ಬಕೆಟ್ಟಿಗೆ ಕಾಲು ತಾಗಿ ಅದು ಉರುಳಿತು. ಅಷ್ಟೇ ಆದದ್ದು. ಎರ್ಮೆಕ್ ಒಂದೇ ನೆಗೆತಕ್ಕೆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಕೈಯಲ್ಲಿ ಚಾಕು, ಮುಖದಲ್ಲಿ ರಕ್ತವೇ ಇಲ್ಲ, ಕಣ್ಣು ಅವಳನ್ನೇ ನೋಡುತ್ತಿದ್ದರೂ ಅವಳು ಕಾಣುತ್ತಿರಲಿಲ್ಲ. ಅವನ ಕೋಟಿನ ಜೇಬಿನಿಂದ ಒಣಗಿದ ರೊಟ್ಟಿಯ ಚೂರೊಂದು ಕೆಳಗೆ ಬಿತ್ತು.

"ನಾನು, ಚಿಕ್ಕ ಯಜಮಾನ್ರೇ. ನಾನೇ."

ಅವನು ಉಸಿರು ಬಿಟ್ಟ. ಬಗ್ಗಿ ರೊಟ್ಟಿಯ ಚೂರನ್ನು ಎತ್ತಿ, ಊದಿ, ಮತ್ತೆ ಜೇಬಿಗೆ ಹಾಕಿಕೊಂಡ.

"ಇದನ್ಯಾಕೆ ಇಟ್ಕೊಂಡಿದೀರಿ? ಮನೇಲಿ ರೊಟ್ಟಿ ಇಲ್ವಾ?"

"ಇದೆ ಅತ್ತಿಗೆ. ಇದ್ರೂ ಬೇಕು. ಜೇಬು ಖಾಲಿ ಇದ್ರೆ ಕೆಲಸಕ್ಕೆ ಹೋಗೋಕಾಗಲ್ಲ." ಅವನು ನಾಚಿಕೊಂಡು ಮತ್ತೆ ಮಾಂಸದ ಕಡೆ ತಿರುಗಿದ. "ನೀವು ಬೇಗ ಕರ್ಕೊಂಡು ಹೋಗಿ ಮಗೂನ. ಶಾಸ್ತ್ರ ಮುಗಿದ ಕೂಡ್ಲೇ. ತಡ ಮಾಡ್ಬೇಡಿ."

ಮಾತಿನಲ್ಲಿದ್ದ ಅವಸರ ಉಲ್ಮೆಕೆನ್‌ಗೆ ಸರಿಬೀಳಲಿಲ್ಲ. ಮಗು ಕೊಡುವವರು ಹೀಗೆ ಮಾತಾಡುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಸಾಮಾನು ಹೊರಗೆ ಸಾಗಿಸುವವರು ಹೀಗೆ ಮಾತಾಡುತ್ತಾರೆ.

"ಏನಾಗಿದೆ ಹೇಳಿ" ಅಂದಳು.

ಮೊದಲು ಏನೂ ಇಲ್ಲ ಅಂದ. ಅವಳು ಹೋಗದೆ ಅಲ್ಲೇ ಮಗುಚಿದ ಬಕೆಟ್ಟಿನ ಮೇಲೆ ಕೂತಾಗ ಹೇಳತೊಡಗಿದ. ಅವಳ ಕಡೆ ತಿರುಗದೆ, ಎಲುಬಿನ ಸಂದಿಯಲ್ಲಿ ಚಾಕು ಆಡಿಸುತ್ತಲೇ ಹೇಳಿದ.

"ಮೊನ್ನೆ ಮೊಲ್ದಿರ್ ಅಂಗಡಿಗೆ ಹೋಗಿದ್ಲು. ಮಗು ಅಳೋಕೆ ಶುರುಮಾಡ್ತು. ಎತ್ಕೊಂಡೆ, ನಿಲ್ಲಿಸಲಿಲ್ಲ. ಆಮೇಲೆ ನನಗೆ ಏನೂ ಕೇಳಿಸದ ಹಾಗಾಯ್ತು. ನೋಡಿದ್ರೆ ಹಳಿ ಪಕ್ಕ ನಡೀತಾ ಇದೀನಿ, ಆ ದೂರದ ಸಿಗ್ನಲ್ ಹತ್ರ. ಮಗು ಎಲ್ಲಿ ಬಿಟ್ಟೆ ಅಂತ ನನಗೇ ಗೊತ್ತಿಲ್ಲ ಅತ್ತಿಗೆ. ಸತ್ತೆ ನಾನು ಅಂದ್ಕೊಂಡು ಓಡಿ ಬಂದೆ. ಮಂಚದ ಮೇಲೆ ಮಲಗಿಸಿದ್ದೆ. ಅಂಚಲ್ಲಿ. ಇಷ್ಟೇ ಇಷ್ಟು ಜಾಗ ಉಳಿದಿತ್ತು."

"ಮೊಲ್ದಿರ್‌ಗೆ ಗೊತ್ತಾ?"

"ಗೊತ್ತು. ಅವಳೇ ಬಯ್ದು ಪೇಟೆಗೆ ಕಳಿಸಿದ್ಲು, ನರದ ಡಾಕ್ಟರಮ್ಮನ ಹತ್ರ. ಚಿಕ್ಕಂದಿನಲ್ಲಿ ಏನಾಗಿತ್ತು ಅಂತ ಕೇಳಿದ್ರು ಅವ್ರು. ನಗು ಬಂತು ನಂಗೆ. ಏನೂ ಆಗಿಲ್ಲ ತಾಯಿ, ನನ್ನಷ್ಟು ಮುದ್ದು ಯಾರಿಗೂ ಮಾಡಿಲ್ಲ ಅಂದೆ. ಮಾತು ಮಾತಲ್ಲಿ ಅಪಾ ಹಾಸಿಗೆ ಹಿಡಿದ ವರ್ಷದ್ದು ಹೇಳಿದೆ. ಅವ್ರು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡೋಕೆ ಶುರುಮಾಡಿದ್ರು."

ಅತ್ತೆ ಹಾಸಿಗೆ ಹಿಡಿದ ವರ್ಷ! ಉಲ್ಮೆಕೆನ್ ಆಗ ಗಂಡನಿಗೆ ವರ್ಗವಾಗಿ ದೂರದ ಊರಿನಲ್ಲಿದ್ದಳು. ಮಾವ ತೀರಿಹೋಗಿದ್ದರು. ಐದು ವರ್ಷದ ಎರ್ಮೆಕ್ ಒಬ್ಬನೇ ಆ ಮನೆಯಲ್ಲಿ ಮುದುಕಿಯ ಪಕ್ಕ. ನೆರೆಯವರು ಬಂದು ಒಲೆ ಹೊತ್ತಿಸಿ ಗಂಜಿ ಇಟ್ಟು ಹೋಗುತ್ತಿದ್ದರು, ಉಳಿದ ಹೊತ್ತು ಅವನು ಅಜ್ಜಿಯ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತ ಕೂರುತ್ತಿದ್ದನಂತೆ. ಉಲ್ಮೆಕೆನ್‌ಗೆ ಅದು ಗೊತ್ತಾದದ್ದು ಸಾವಿನ ಮನೆಗೆ ಹೋದಾಗ. ಏಳನೆಯ ದಿನದ ಊಟ ಮುಗಿದ ಮೇಲೆ ಗಂಡ ಆ ಹುಡುಗನನ್ನು, ಎಲ್ಲಿಗೆ ಏನು ಎಂದು ಒಂದು ಮಾತೂ ಹೇಳದೆ, ಲಾರಿಗೆ ಹತ್ತಿಸಿದ. ಅಳುತ್ತಾನೆ, ಹೇಳುವುದು ಬೇಡ ಅಂದರು ಎಲ್ಲರೂ. ಅವನು ಅಳಲಿಲ್ಲ. ತಿಂಗಳುಗಟ್ಟಲೆ ಅಳಲಿಲ್ಲ, ಮಾತಾಡಲೂ ಇಲ್ಲ. ಎಷ್ಟು ಒಳ್ಳೆಯ ಹುಡುಗ ಎಂದು ಊರೆಲ್ಲ ಹೊಗಳಿತು.

"ತಲೆ ಒಳಗೆ ಅಪಾಯ ಬಂತು ಅಂತ ಕೂಗೋ ಜಾಗ ಒಂದಿದೆಯಂತೆ" ಎರ್ಮೆಕ್ ಮುಂದುವರಿಸಿದ. "ತಲೆ ಬೆಳೆಯೋ ವಯಸ್ಸಲ್ಲಿ ಅದು ದಿನಾ ಕೂಗ್ತಾ ಇದ್ರೆ, ಆಮೇಲೆ ಅದಕ್ಕೆ ಸುಮ್ಮನಿರೋದೇ ಮರೆತುಹೋಗುತ್ತಂತೆ. ಅದನ್ನ ಸಮಾಧಾನ ಮಾಡೋ ಜಾಗ ಇನ್ನೊಂದು ಇರುತ್ತೆ, ಅದು ಸರಿಯಾಗಿ ಬಲಿಯೋದೇ ಇಲ್ವಂತೆ. ನಮ್ಮ ಲೈನಲ್ಲಿ ಸಿಗ್ನಲ್ ಕೆಂಪಲ್ಲೇ ಸಿಕ್ಕಿಹಾಕ್ಕೊಳ್ಳುತ್ತಲ್ಲ, ಹಾಗೆ. ಗಾಡಿ ಇರಲ್ಲ, ಏನೂ ಇರಲ್ಲ, ಕೆಂಪು ಮಾತ್ರ ಉರೀತಾ ಇರುತ್ತೆ. ಹುಚ್ಚು ಅಲ್ಲ, ನಿಮ್ಮ ತಪ್ಪೂ ಅಲ್ಲ ಅಂದ್ರು."

"ಔಷಧಿ ಇಲ್ವಂತಾ?"

"ಮಾತ್ರೆ ಕೊಟ್ಟಿದಾರೆ. ಪೂರ್ತಿ ಹೋಗಲ್ಲ, ಆದ್ರೆ ನಿಧಾನಕ್ಕೆ ತಗ್ಗುತ್ತೆ ಅಂದ್ರು. ಹಾಗೆ ಆದಾಗ ಎದ್ದು ಹೋಗ್ಬಾರ್ದು, ಪಕ್ಕದಲ್ಲಿ ಯಾರಾದ್ರೂ ಇರ್ಬೇಕು, ಹೋಗದೆ ಇರೋರು ಯಾರಾದ್ರೂ." ಅವನು ಒಣನಗೆ ನಕ್ಕ. "ಅಂಥೋರು ಯಾರಿದಾರೆ? ಮೊಲ್ದಿರ್ ಎಷ್ಟು ದಿನ ಇರ್ತಾಳೋ. ಅದಕ್ಕೇ ಹೇಳಿದ್ದು, ನೀವು ಕರ್ಕೊಂಡು ಹೋಗಿ. ಅಪಾ ಹತ್ರ ನಾನು ಚೆನ್ನಾಗಿದ್ದೆ. ಇವಳೂ ನಿಮ್ಮ ಹತ್ರ ಚೆನ್ನಾಗಿರ್ತಾಳೆ."

ಯಾರಿಗೂ ಹೇಳದ ಸಂಗತಿಯೊಂದು ಉಲ್ಮೆಕೆನ್‌ಳ ಹೊಟ್ಟೆಯಲ್ಲಿತ್ತು. ವಸಂತದಲ್ಲಿ ಹಸು ಕರೆಯುವಾಗ ಅವಳು ಕಣ್ಣುಕತ್ತಲೆ ಬಂದು ಬಿದ್ದಿದ್ದಳು. ಹೃದಯ ದಣಿದಿದೆ, ಭಾರ ಎತ್ತಬೇಡ, ಒಬ್ಬಳೇ ಇರಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಾತ್ರೆ ಕಾಲುಚೀಲದೊಳಗೆ ಅಡಗಿಸಿಕೊಂಡು ನುಂಗುತ್ತಿದ್ದಳು. ಗೊತ್ತಾದರೆ ಮಗು ಕೊಡುವುದಿಲ್ಲ ಎಂಬ ಭಯ. ಇನ್ನೈದು ವರ್ಷ ಹೇಗೋ ತಳ್ಳುತ್ತೇನೆ, ಅಷ್ಟು ಸಾಕು ಎಂದುಕೊಂಡಿದ್ದಳು.

ಐದು ವರ್ಷ. ಆಮೇಲೆ ಇಂಕಾರ್ ತನ್ನ ಮೂಗಿನ ಹತ್ತಿರ ಕೈಯಿಟ್ಟು ಕೂರುತ್ತಾಳೆ. ಆ ಪುಟ್ಟ ಕೈ ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಏನು ಮಾಡಹೊರಟಿದ್ದೆ ನಾನು ಎಂದು ತನ್ನ ಮೇಲೇ ಸಿಟ್ಟು ಬಂತು. ಎದ್ದು, ಬಕೆಟ್ಟನ್ನು ನೆಟ್ಟಗೆ ಇಟ್ಟು, ಒಳಗೆ ಹೋದಳು.

ಮಧ್ಯಾಹ್ನ ನೆರೆಯ ಹೆಂಗಸರೆಲ್ಲ ಬಂದರು. ಬೋಗುಣಿಗೆ ಬೆಳ್ಳಿ ಉಂಗುರ ಹಾಕಿ ನಲವತ್ತು ಚಮಚ ನೀರು ಹೊಯ್ದರು, ಒಬ್ಬೊಬ್ಬಳೂ ಒಂದೊಂದು ಒಳ್ಳೆಯ ಮಾತು ಹೇಳಿದಳು. ಮಗುವಿಗೆ ನೀರೆರೆದು ಕೂದಲು ಉಗುರು ಕತ್ತರಿಸಿದರು. ಮಗುವಿನ ಮೊದಲ ಅಂಗಿಯಲ್ಲಿ ಮಿಠಾಯಿ ಕಟ್ಟಿ ನಾಯಿಯ ಕೊರಳಿಗೆ ಬಿಗಿದು ಓಡಿಸಿದಾಗ ಬೀದಿಯ ಮಕ್ಕಳು ಅದರ ಹಿಂದೆ ಬಿದ್ದವು. ನಾಯಿ ರೈಲು ಕ್ವಾರ್ಟರ್ಸು ಸುತ್ತಿ ಯಾರ ಕೈಗೂ ಸಿಗದೆ ಮಿಠಾಯಿ ತಾನೇ ತಿಂದುಬಿಟ್ಟಿತು. ಎಲ್ಲರೂ ನಕ್ಕರು, ಮೊಲ್ದಿರ್ ಒಬ್ಬಳು ನಗಲಿಲ್ಲ. ಅವಳು ಆಗಲೇ ಎದೆಗೆ ಬಟ್ಟೆ ಕಟ್ಟಿಕೊಂಡಿದ್ದಳು.

ಕುಲ್ಜಿಪಾ ಮೊಣಕಾಲು ಹಿಡಿದುಕೊಂಡು ಎದ್ದುನಿಂತಳು. ಕೈಯಲ್ಲಿ ಬೇಯಿಸಿದ ಕುರಿಯ ಕಣಕಾಲೆಲುಬು. ಮಗುವನ್ನು ಮಡಿಲಿಗೆ ಹಾಕುವಾಗ ಎಲ್ಲರ ಎದುರು ಅದನ್ನು ಕೊಡುತ್ತೇವೆ, ಅದೇ ಸಾಕ್ಷಿ. "ಬಾರೇ ಉಲ್ಮೆಕೆನ್. ನಿನ್ನ ಪಾಲಿನದು ತಗೋ. ನಮ್ಮಮ್ಮ ಎರ್ಮೆಕ್‌ನ ತಗೊಂಡಾಗಲೂ ಎಲುಬು ಹಿಡಿದು ನಿಂತೋಳು ನಾನೇ."

ಬಾಗಿಲಲ್ಲಿ ಎರ್ಮೆಕ್ ನಿಂತು ನೋಡುತ್ತಿದ್ದ. ಉಲ್ಮೆಕೆನ್ ಮಗುವನ್ನು ಎತ್ತಿಕೊಂಡಳು. ನೆತ್ತಿ ಮೂಸಿದಳು. ಎಷ್ಟು ಹೊತ್ತು ಮೂಸಿದಳೆಂದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸೊಸೆಯ ಹತ್ತಿರ ಹೋಗಿ ಮಗುವನ್ನು ಅವಳ ತೊಡೆಯ ಮೇಲೆ ಇಟ್ಟಳು.

"ಬಟ್ಟೆ ಬಿಚ್ಚು ಮಗಳೇ" ಅಂದಳು. "ಹಾಲು ಕೊಡು. ನಾನು ಒಯ್ಯಲ್ಲ."

ಮೊಲ್ದಿರ್‌ಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮಗುವನ್ನು ಅವುಚಿಕೊಂಡು ಗೋಡೆಯ ಕಡೆ ತಿರುಗಿ ಕೂತುಬಿಟ್ಟಳು, ಯಾರಾದರೂ ಮನಸ್ಸು ಬದಲಾಯಿಸಿಯಾರೆಂದು.

"ತಲೆ ಕೆಟ್ಟಿದೆಯೇನೇ ನಿಂಗೆ?" ಕುಲ್ಜಿಪಾ ಎಲುಬನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. "ಕಾರಿನ ಮೇಲೆ ತೊಟ್ಟಿಲು ಹೊತ್ಕೊಂಡು ಊರೆಲ್ಲ ಮೆರವಣಿಗೆ ಮಾಡ್ಕೊಂಡು ಬಂದು, ಈಗ ಬೇಡ ಅಂತೀಯಾ?"

ಬೇಡ ಎಂಬ ಮಾತು ಬಾಗಿಲವರೆಗೂ ಹೋಯಿತು. ಎರ್ಮೆಕ್‌ನ ಮುಖ ಕಲ್ಲಾಯಿತು.

"ಅಂದ್ರೆ ಇವಳೂ ಬೇಡ ನಿಮಗೆ" ಅಂದ. ಕೂಗಲಿಲ್ಲ, ಮೆಲ್ಲಗೆ ಅಂದ. "ನಾನೂ ಬೇಡವಾಗಿದ್ದೆ, ನನ್ನ ಮಗಳೂ ಬೇಡ. ಗೊತ್ತಿತ್ತು ನಂಗೆ." ಹಾಗೆಂದವನೇ ಹೊರಗೆ ಹೊರಟುಹೋದ.

ಅವನ ತಲೆಯೊಳಗಿನ ಆ ಕೆಂಪು ದೀಪಕ್ಕೆ ಕೇಳಿಸಿದ್ದು ಅಷ್ಟೇ. ಉಲ್ಮೆಕೆನ್ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟಳು. ಭಾರ ಎತ್ತಬೇಡ ಎಂದವರು ಓಡಬೇಡ ಎಂದೂ ಹೇಳಿದ್ದರು. ಓಡಿದಳು. ಹಳಿಯ ದಿಬ್ಬದ ಮೇಲೆ ಅವನ ಬೆನ್ನು ಕಾಣುತ್ತಿತ್ತು, ದೂರವಾಗುತ್ತಿತ್ತು. "ಚಿಕ್ಕ ಯಜಮಾನ್ರೇ" ಎಂದು ಕೂಗಿದಳು, ನಿಲ್ಲಲಿಲ್ಲ. ಅವಳ ಗಂಡ ಸತ್ತಿದ್ದಾನೆ, ಅತ್ತೆ ಸತ್ತಿದ್ದಾಳೆ, ಮಾವ ಸತ್ತಿದ್ದಾನೆ. ಇನ್ನು ಯಾರ ಭಯ?

"ಎರ್ಮೆಕ್!" ಎಂದು ಕಿರುಚಿದಳು. "ನಿಲ್ಲೋ! ಎದೆ ನೋಯ್ತಿದೆ ನಂಗೆ!"

ಅವನು ನಿಂತ. ತಿರುಗಿ ನೋಡಿದ. ಜಲ್ಲಿಕಲ್ಲಿನ ಮೇಲೆ ಕುಸಿದು ಕೂತಿದ್ದ ಅವಳ ಹತ್ತಿರ ಬಂದು, ಒಂದು ಮಾರು ದೂರದಲ್ಲೇ ಕುಕ್ಕರಗಾಲಲ್ಲಿ ಕೂತ. ಅವಳು ಕಾಲುಚೀಲದಿಂದ ಮಾತ್ರೆ ತೆಗೆದು ನಾಲಗೆಯ ಕೆಳಗಿಟ್ಟುಕೊಳ್ಳುವುದನ್ನು ನೋಡಿದ.

"ಎಷ್ಟು ದಿನದಿಂದ ಇದು?"

"ವಸಂತದಿಂದ. ಇದಕ್ಕೇ ಕಣೋ ಒಯ್ಯಲ್ಲ ಅಂದಿದ್ದು. ನಾನೂ ನಿಮ್ಮ ಅಪಾ ಹಾಗೇ ಹಾಸಿಗೆ ಹಿಡೀತೀನಿ, ನಿನ್ನ ಮಗಳು ಪಕ್ಕದಲ್ಲಿ ಕೂತು ಉಸಿರು ಲೆಕ್ಕ ಹಾಕ್ತಾಳೆ. ಆಮೇಲೆ ಯಾರೋ ಬಂದು ಕಾರಿಗೆ ಹತ್ತಿಸ್ತಾರೆ. ಅದು ಬೇಕಾ ಅವಳಿಗೆ?"

ಎರ್ಮೆಕ್ ಕಲ್ಲೊಂದನ್ನು ಎತ್ತಿ ಕೈಯಿಂದ ಕೈಗೆ ಬದಲಾಯಿಸುತ್ತ ಕೂತ. "ಅವಳ ಮಾತು ಬಿಡಿ. ನನ್ನನ್ನ ಯಾಕೆ ಬಿಟ್ಟುಹೋದ್ರಿ? ಲಾರೀಲಿ ಕರ್ಕೊಂಡು ಬಂದ್ಮೇಲೂ ಒಂದು ದಿನ ಹತ್ರ ಕೂರಿಸ್ಕೊಳ್ಳಲಿಲ್ಲ. ನೆಂಟರ ಹಾಸಿಗೆ ಹಾಸಿಕೊಟ್ರಿ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಆರು ವರ್ಷದ ಹುಡುಗನಿಗೆ!"

"ಹತ್ರ ಬಂದ್ರೆ ನೀನು ಮರದ ಹಾಗೆ ಸೆಟೆದು ನಿಲ್ತಿದ್ದೆ. ನನಗೆ ಹೆದರಿಕೆ ಆಗ್ತಿತ್ತು. ನಿನ್ನ ಮೇಲೆ ನನಗೆ ಹಕ್ಕಿದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಹಿರಿಯರ ಎದುರು ನಿನ್ನ ಕೆನ್ನೆ ಮುಟ್ಟಿದ್ರೂ ನಾಚಿಕೆಗೆಟ್ಟವಳು ಅಂತಿದ್ರು. ನಿನ್ನನ್ನ ಕೊಡ್ತೀಯಾ ಅಂತಲೂ ನನ್ನ ಕೇಳಲಿಲ್ಲ ಕಣೋ. ಎದೆ ಕಟ್ಟಿದ್ರು, ಅಷ್ಟೇ. ನೀನು ಬೇಡ ಅಂತ ಒಂದು ದಿನ, ಒಂದೇ ಒಂದು ದಿನ ಅನಿಸಿದ್ರೆ ನನ್ನ ನಾಲಗೆ ಬಿದ್ದುಹೋಗ್ಲಿ."

ಸರಕಿನ ಗಾಡಿಯೊಂದು ಬಂತು. ಅದು ಹೋಗುವವರೆಗೂ ಇಬ್ಬರೂ ಮುಖಕ್ಕೆ ಧೂಳು ಹೊಡೆಸಿಕೊಂಡು ಕೂತಿದ್ದರು.

"ಕೇಳಿ ಸಂತೋಷವಾಗ್ಬೇಕು" ಅಂದ ಕೊನೆಗೆ. "ಆಗ್ತಾ ಇಲ್ಲ ಅತ್ತಿಗೆ. ತಿಳೀತು, ಆದ್ರೆ ಮೈಗೆ ತಿಳೀತಾ ಇಲ್ಲ."

"ಬೇಡ ಬಿಡು. ಅದಕ್ಕೆ ತಿಳಿಯೋವರೆಗೂ ನಾನು ಇಲ್ಲೇ ಇರ್ತೀನಿ. ನಿನ್ನ ಮನೇಲಿ. ನಿನಗೆ ಹಾಗೆ ಆದಾಗ ಪಕ್ಕದಲ್ಲಿ ಕೂರ್ತೀನಿ. ಭಾರ ಎತ್ತೋ ಕೆಲಸ ಅಲ್ಲವಲ್ಲ ಅದು."

ಮನೆಗೆ ಮರಳಿದಾಗ ಬಂದವರೆಲ್ಲ ಹೋಗಿದ್ದರು, ಕುಲ್ಜಿಪಾ ಮಾತ್ರ ಕಿರಿಯ ಮಗನ ಜೊತೆ ಕಾರಿನಲ್ಲಿ ಕೂತು ಕಾಯುತ್ತಿದ್ದಳು. ವಿಷಯ ಕೇಳಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ತಾಯಿ ಇರಬೇಕಾದ ಕಿರಿಯ ಮಗನ ಮನೆ ಬಿಟ್ಟು ಹಿರಿಯನ ಮನೇಲಿ ಕೂತ್ರೆ ಊರು ಏನನ್ನುತ್ತೆ? ಕಿರಿ ಸೊಸೆ ಹೊರಗೆ ಹಾಕಿದ್ಲು ಅನ್ನುತ್ತೆ!"

"ಅನ್ನಲಿ ಅಕ್ಕ. ಚಳಿಗಾಲ ಬರ್ತಾ ಇದೆ, ಊರಿಗೂ ಮಾತಾಡೋಕೆ ಏನಾದ್ರೂ ಬೇಕಲ್ಲ."

ಕುಲ್ಜಿಪಾಗೆ ನಗು ಬಂತು, ಆದರೆ ಸಿಟ್ಟಿನಲ್ಲಿದ್ದಳಾದ್ದರಿಂದ ನಗಲಿಲ್ಲ. ಕಾರು ಹೋಯಿತು.

ಸಂಜೆ ಮೊಲ್ದಿರ್ ಹಸಿಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಇಂಕಾರ್ ಎದ್ದು ಅಳತೊಡಗಿದಳು. ಸಣ್ಣ ಅಳುವಲ್ಲ, ಮನೆ ಹಾರಿಹೋಗುವಂಥದು. ಎರ್ಮೆಕ್ ಎತ್ತಿಕೊಂಡ. ತಟ್ಟಿದ, ತೂಗಿದ, ನಿಲ್ಲಲಿಲ್ಲ. ಅವನ ಮುಖದಿಂದ ರಕ್ತ ಇಳಿಯುತ್ತಿರುವುದು ಉಲ್ಮೆಕೆನ್‌ಗೆ ಕಾಣುತ್ತಿತ್ತು. ಕಣ್ಣು ಬಾಗಿಲ ಕಡೆ ಹೋಯಿತು.

"ತಗೊಳ್ಳಿ ಅತ್ತಿಗೆ, ತಗೊಳ್ಳಿ ಇವಳನ್ನ, ನನ್ನ ಕೈಲಾಗಲ್ಲ."

ತೆಗೆದುಕೊಳ್ಳಲು ಅವಳ ಕೈ ತಾನಾಗಿಯೇ ಮುಂದೆ ಹೋಗಿತ್ತು. ಹಿಂದಕ್ಕೆಳೆದುಕೊಂಡಳು. ಅಷ್ಟು ಕಷ್ಟದ ಕೆಲಸ ಅವಳು ಆ ದಿನ ಇನ್ನೊಂದು ಮಾಡಿರಲಿಲ್ಲ.

"ಕೂತ್ಕೋ" ಅಂದಳು. "ಗೋಡೆಗೆ ಒರಗಿ ಕೂತ್ಕೋ. ನಾನು ಪಕ್ಕದಲ್ಲಿದೀನಿ. ಅವಳು ಅಳ್ತಾಳೆ ಅಷ್ಟೇ, ಬೇರೆ ಏನೂ ಆಗಿಲ್ಲ."

ಅವನು ಕೂತ. ಉಲ್ಮೆಕೆನ್ ಭುಜಕ್ಕೆ ಭುಜ ತಾಗುವಂತೆ ಕೂತಳು. ಅವನ ಭುಜ ಸೆಟೆಯಿತು, ಅವಳು ಸರಿಯಲಿಲ್ಲ. ಮೊಲ್ದಿರ್ ಓಡಿ ಬಂದು ಬಾಗಿಲಲ್ಲೇ ನಿಂತಳು. ಉಲ್ಮೆಕೆನ್ ಕಣ್ಣಲ್ಲೇ ತಡೆದಳು. ಮಗು ಅತ್ತಿತು, ಇನ್ನೂ ಅತ್ತಿತು, ಬಿಕ್ಕಳಿಸಿತು, ಅಪ್ಪನ ಅಂಗಿಯ ಗುಂಡಿ ಹಿಡಿದುಕೊಂಡು ಮೆಲ್ಲಗೆ ಸುಮ್ಮನಾಯಿತು. ಎರ್ಮೆಕ್ ಎಲ್ಲಿಗೂ ಹೋಗಿರಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅವನು ಕೇಳಿದ, ಮಗುವಿನ ಮುಖ ನೋಡುತ್ತಲೇ ಕೇಳಿದ:

"ಅತ್ತಿಗೆ, ನಾನು ಕೂಸಾಗಿದ್ದಾಗ ಅಪಾ ಮನೇಲಿ ಹೀಗೆ ಅತ್ರೆ ನೀವೆಲ್ಲಿರ್ತಿದ್ರಿ?"

"ಪರದೆ ಆಚೆ. ನಿಂತಿರ್ತಿದ್ದೆ."

"ಎಷ್ಟು ಹೊತ್ತು?"

"ನೀನು ಸುಮ್ಮನಾಗೋವರೆಗೂ. ಆಮೇಲೆ ಹೋಗಿ ಹಿಟ್ಟು ನಾದ್ತಿದ್ದೆ."

ಅವನು ತಲೆಯಾಡಿಸಿದ. "ಇವಳು ಸುಮ್ಮನಾದ್ಲು" ಅಂದ. ಹೇಳಿದ ರೀತಿಯಲ್ಲಿ ಪ್ರಶ್ನೆಯಿತ್ತು, ಭಯವಿತ್ತು.

"ಆದ್ಲು" ಅಂದಳು ಉಲ್ಮೆಕೆನ್. "ನಾನು ಏಳಲ್ಲ."